ಮಗಳಿಗೆ ಬೆಂಗಳೂರಿನಲ್ಲಿ ಪಿಜಿ ಹುಡುಕಬೇಕು, ಇರುವುದು ಎರಡೇ ದಿನ

ಪೆರ್ಲದ ಅಮ್ಮ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುವುದು ಇದೇ ಮೊದಲ ಸಲ. ಓದುವುದು ಮಾತ್ರ ಎರಡು ವರ್ಷದಿಂದ ಓದುತ್ತಿದ್ದೇನೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಪ್ಲಸ್ ಟೂ ಮುಗಿಸಿ ಕರ್ನಾಟಕದ ಸಿಇಟಿ ಬರೆದಳು. ಗಡಿನಾಡು ಕನ್ನಡಿಗರು ಬರೆಯಬೇಕಾದ ಕನ್ನಡ ಪರೀಕ್ಷೆಯನ್ನೂ ಬರೆದಳು. ಬೆಂಗಳೂರಿನ ಬಸವನಗುಡಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಆದರೆ ಒಂದು ವಾರದಿಂದ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಕಾಲೇಜಿನ ಹಾಸ್ಟೆಲಿನಲ್ಲಿ ಜಾಗ ತುಂಬಿದೆ ಎಂದರು. ಇನ್ನು ಪಿಜಿಯೇ ಗತಿ. ಫೋನಿನಲ್ಲಿ ಫೋಟೊ ನೋಡಿ ನೋಡಿ ಸಾಕಾಯಿತು. ಎಲ್ಲ ಕೋಣೆಗಳೂ ಒಂದೇ ಥರ ಕಾಣುತ್ತವೆ. ಬಿಳಿ ಗೋಡೆ, ನೀಲಿ ಹೊದಿಕೆ, ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಗಿಡ. ಬಾಡಿಗೆ ಮಾತ್ರ ಒಂದು ಕಡೆ 7,500, ಇನ್ನೊಂದು ಕಡೆ 14,000. ಎರಡಕ್ಕೂ ವ್ಯತ್ಯಾಸ ಎಂತದ್ದು ಎಂದು ಫೋಟೊದಲ್ಲಿ ಗೊತ್ತಾಗುವುದಿಲ್ಲ. ನಿನ್ನೆ ಒಬ್ಬರು ಫೋನ್ ಮಾಡಿ, ಒಂದೇ ಬೆಡ್ ಉಳಿದಿದೆ, ಈಗಲೇ 5,000 ಕಳಿಸಿದರೆ ಹಿಡಿದಿಡುತ್ತೇನೆ ಎಂದರು. ಕಳಿಸಲಿಲ್ಲ. ಕಳಿಸಬೇಕಿತ್ತೋ ಏನೋ ಎಂದು ಈಗ ಅನಿಸುತ್ತಿದೆ.

ಇವರಿಗೆ ಬರಲು ಆಗುವುದಿಲ್ಲ. ಅಡಿಕೆಗೆ ಮದ್ದು ಬಿಡುವ ಸಮಯ. ನಾಲ್ಕು ದಿನ ಮಳೆ ಬಿಟ್ಟರೆ ಆಗಲೇ ಬಿಡಬೇಕು, ಮದ್ದು ಬಿಡುವವರು ಸಿಗುವುದೇ ಕಷ್ಟ. ಹಾಗಾಗಿ ನಾನು ಮತ್ತು ಮಗಳು ಇಬ್ಬರೇ ಪುತ್ತೂರಿನಿಂದ ರಾತ್ರಿ ಬಸ್ಸಿಗೆ ಹೋಗುವುದು ಎಂದು ಮಾಡಿದ್ದೇವೆ. ಎರಡು ದಿನ ಅಲ್ಲಿರಬಹುದು. ದೂರದ ಸಂಬಂಧಿಕರ ಮನೆ ಇದೆ, ಉಳಿಯಲು ತೊಂದರೆ ಇಲ್ಲ. ಆದರೆ ಅವರಿಗೂ ಪಿಜಿ ವಿಷಯ ಗೊತ್ತಿಲ್ಲ.

ನಾನು ಬೆಂಗಳೂರಿಗೆ ಇದುವರೆಗೆ ಹೋದದ್ದು ಮೂರು ಸಲ, ಮೂರೂ ಸಲ ಮದುವೆಗೆ. ಕೋಣೆ ನೋಡುವುದು ಎಂದರೆ ಒಳಗೆ ಹೋಗಿ ಏನು ನೋಡಬೇಕು, ಯಾರ ಹತ್ತಿರ ಏನು ಕೇಳಬೇಕು? ನಮ್ಮ ಮನೆಗೆ ನೀರು ಬರುವುದು ಸುರಂಗದಿಂದ. ಗುಡ್ಡದೊಳಗಿಂದ ವರ್ಷವಿಡೀ ಸಣ್ಣಗೆ ಹರಿಯುತ್ತಾ ಇರುತ್ತದೆ. ನೀರಿಗೆ ಕಾದು ಗೊತ್ತಿಲ್ಲದ ಹುಡುಗಿ ಅವಳು. ಅಲ್ಲಿ ನೀರಿನ ಕಥೆ ಕೇಳಿದರೆ ಹೆದರಿಕೆಯಾಗುತ್ತದೆ. ತಿಂಗಳಿಗೆ ಊಟ ಸೇರಿ 10,000ದ ಒಳಗೆ ಆಗಬೇಕು. ಅದಕ್ಕಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ.

ತಿಳಿದವರು ದಯವಿಟ್ಟು ಹೇಳಿ.

ಮುಳ್ಳೇರಿಯದ ಮೇಷ್ಟ್ರು:

ಮೊದಲನೆಯದಾಗಿ, ಹಣ ಕಳಿಸದೇ ಇದ್ದದ್ದು ತುಂಬ ಒಳ್ಳೆಯದಾಯಿತು. ಕಣ್ಣಾರೆ ನೋಡದ ಕೋಣೆಗೆ ಒಂದು ರೂಪಾಯಿಯೂ ಕಳಿಸಬೇಡಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ 8,000 ಕಳಿಸಿ, ಬ್ಯಾಗು ಹೊತ್ತು ಹೋಗಿ ನೋಡಿದರೆ ಆ ವಿಳಾಸದಲ್ಲಿ ಪಿಜಿಯೇ ಇರಲಿಲ್ಲ, ಒಂದು ಹಾರ್ಡ್‌ವೇರ್ ಅಂಗಡಿ ಇತ್ತು. ಅಂಥದ್ದು ಯಾರಿಗಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಸೈಬರ್ ಮೋಸಕ್ಕೆ ಇಡೀ ದೇಶಕ್ಕೆ ಅದೇ ನಂಬರ್. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ.

ಎರಡನೆಯದು, ಹಾಸ್ಟೆಲ್ ತುಂಬಿದೆ ಎಂದರೂ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಬನ್ನಿ. ಸೀಟು ಹಂಚಿಕೆಯ ಮುಂದಿನ ಸುತ್ತಿನಲ್ಲಿ ಬೇರೆ ಕಾಲೇಜಿಗೆ ಹೋಗುವ ಮಕ್ಕಳು ಇರುತ್ತಾರೆ. ಒಂದೆರಡು ತಿಂಗಳಲ್ಲಿ ಜಾಗ ಖಾಲಿಯಾಗುವುದು ಉಂಟು.

ನೀರ್ಚಾಲಿನವ:

ಅಕ್ಕ, ನಿಮ್ಮ ಪತ್ರ ಓದಿ ನನ್ನ ಅಮ್ಮನ ನೆನಪಾಯಿತು. 2016ರಲ್ಲಿ ನಾನು ಬೆಂಗಳೂರಿಗೆ ಹೋದೆ. ಐದು ವರ್ಷದಲ್ಲಿ ಮೂರು ಕಡೆ ಇದ್ದೆ. ಮೊದಲನೆಯದರಲ್ಲಿ ನಾಲ್ಕೇ ತಿಂಗಳು, ಎರಡನೆಯದರಲ್ಲಿ ಒಂದು ವರ್ಷ, ಮೂರನೆಯದರಲ್ಲಿ ಕೊನೆಯವರೆಗೆ. ಈಗ ಊರಿಗೆ ಬಂದು ಕುಂಬಳೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಅಕ್ಕನ ಮಗಳಿಗೂ ನಾನೇ ಹೋಗಿ ಪಿಜಿ ನೋಡಿ ಕೊಟ್ಟೆ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲ ಪಿಜಿ ನಾನು ನೋಡಿದ್ದು ಮಧ್ಯಾಹ್ನ ಎರಡು ಗಂಟೆಗೆ. ಎಲ್ಲ ಹುಡುಗರೂ ಕಾಲೇಜಿಗೆ, ಕೆಲಸಕ್ಕೆ ಹೋಗಿದ್ದರು. ಶಾಂತವಾಗಿತ್ತು. ಆಗಷ್ಟೇ ನೆಲ ಒರೆಸಿದ್ದರು, ಫಿನಾಯಿಲ್ ವಾಸನೆ ಬರುತ್ತಿತ್ತು. ಎಷ್ಟು ಚೊಕ್ಕ ಎಂದು ಅಪ್ಪ ಅಲ್ಲೇ ಎರಡು ತಿಂಗಳ ಅಡ್ವಾನ್ಸ್ ಕೊಟ್ಟರು. ಮಾರನೆಯ ದಿನ ಬೆಳಗ್ಗೆ ಏಳೂವರೆಗೆ ಗೊತ್ತಾಯಿತು, ಹನ್ನೆರಡು ಜನಕ್ಕೆ ಎರಡು ಬಚ್ಚಲು. ಕೈಯಲ್ಲಿ ಟವೆಲ್ ಹಿಡಿದು ಮೆಟ್ಟಿಲ ಮೇಲೆ ಸಾಲು. ರಾತ್ರಿ ಪಕ್ಕದ ಕೋಣೆಯವನು ಫೋನಿನಲ್ಲಿ ಮಾತಾಡಿದ್ದು ಒಂದೊಂದು ಮಾತೂ ಕೇಳುತ್ತಿತ್ತು. ಒಂದು ದೊಡ್ಡ ಕೋಣೆಗೆ ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದ್ದರು, ಮೇಲೆ ಬಣ್ಣ ಬಳಿದಿದ್ದರು. ಮಧ್ಯಾಹ್ನ ಅದು ಗೋಡೆಯ ಹಾಗೆಯೇ ಕಂಡಿತ್ತು.

ಆದ್ದರಿಂದ ನನ್ನ ಒಂದೇ ಕೋರಿಕೆ. ಮನಸ್ಸಿಗೆ ಬಂದ ಕೋಣೆಯನ್ನು ಎರಡು ಸಲ ನೋಡಿ. ಒಮ್ಮೆ ಬೆಳಗ್ಗೆ ಏಳರಿಂದ ಎಂಟರೊಳಗೆ, ಒಮ್ಮೆ ರಾತ್ರಿ ಎಂಟರ ನಂತರ. ಮಗಳು ಅಲ್ಲಿ ಇರುವ ಹೊತ್ತು ಅದೇ ತಾನೆ? ಹಗಲಿಡೀ ಅವಳು ಕಾಲೇಜಿನಲ್ಲಿರುತ್ತಾಳೆ. ಬೆಳಗ್ಗೆ ಬರುತ್ತೇವೆ ಎಂದರೆ ಕೆಲವರು ಬೇಡ, ಹನ್ನೊಂದರ ಮೇಲೆ ಬನ್ನಿ ಎನ್ನುತ್ತಾರೆ. ಅಂಥ ಕಡೆ ಯಾಕೆ ಬೇಡ ಎಂದು ಕೇಳಿ. ಉತ್ತರ ಸರಿ ಅನಿಸದಿದ್ದರೆ ಬಿಟ್ಟುಬಿಡಿ.

ನೀರಿನ ವಿಷಯ ನೀವು ಕೇಳಿದ್ದು ಸರಿಯಾಗಿಯೇ ಇದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಜನ ಕಾದದ್ದು ಎಲ್ಲರಿಗೂ ಗೊತ್ತು. ಬಸವನಗುಡಿ, ಹನುಮಂತನಗರ, ಚಾಮರಾಜಪೇಟೆ ಹಳೆಯ ಬಡಾವಣೆಗಳು, ಕಾವೇರಿ ನೀರಿನ ಪೈಪು ಉಂಟು. ಆದರೆ ರಸ್ತೆಯಲ್ಲಿ ಪೈಪು ಇದ್ದ ಮಾತ್ರಕ್ಕೆ ಐವತ್ತು ಜನ ಇರುವ ಕಟ್ಟಡಕ್ಕೆ ಅದು ಸಾಕಾಗುತ್ತದೆ ಎಂದಲ್ಲ. ಕಾವೇರಿ ಎಷ್ಟು, ಬೋರು ಎಷ್ಟು, ಸಂಪು ಎಷ್ಟು ದೊಡ್ಡದು, ಬೇಸಿಗೆಯಲ್ಲಿ ಏನು ಮಾಡಿದಿರಿ ಎಂದು ನೇರವಾಗಿ ಕೇಳಿ. ನಾನು ಮಾಡಿದ ಇನ್ನೊಂದು ಉಪಾಯ ಹೇಳುತ್ತೇನೆ. ಚೀಲದಲ್ಲಿ ಒಂದು ತುಂಡು ಸಾಬೂನು ಇಟ್ಟುಕೊಂಡು ಹೋಗಿ. ಬಚ್ಚಲಿನ ನಳ್ಳಿಯಲ್ಲಿ ಕೈ ತೊಳೆದು ನೋಡಿ. ನಮ್ಮ ಸುರಂಗದ ನೀರಿಗೆ ಮುಟ್ಟಿದರೆ ನೊರೆ ಬರುತ್ತದೆ. ಅಲ್ಲಿ ಗಡಸು ನೀರಾದರೆ ಎಷ್ಟು ಉಜ್ಜಿದರೂ ನೊರೆ ಏಳುವುದಿಲ್ಲ. ನಳ್ಳಿಯ ಬುಡದಲ್ಲಿ, ಬಕೆಟಿನ ಒಳಗೆ ಬಿಳಿ ಕಲೆ ಕಟ್ಟಿರುತ್ತದೆ. ಮೊದಲ ವರ್ಷ ಆ ನೀರಿಗೆ ತಲೆ ಕೂದಲು ಉದುರುತ್ತದೆ ಎಂದು ಅಕ್ಕನ ಮಗಳು ಅತ್ತದ್ದು ಉಂಟು.

ಕೋಣೆಯೊಳಗೆ ಹೋದ ಮೇಲೆ ಹಾಸಿಗೆಯ ಹೊದಿಕೆ ಎತ್ತಿ, ಅಂಚಿನ ಹೊಲಿಗೆಗೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಮಂಚದ ಸಂದಿಗೂ. ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆ. ಮರ್ಯಾದೆಗೆ ಕಡಿಮೆ ಎಂದುಕೊಳ್ಳಬೇಡಿ. ಎರಡನೆಯ ಪಿಜಿಯಲ್ಲಿ ನಾನು ಹಾಗೆ ನೋಡದೆ ಹೋಗಿ, ರಜೆಗೆ ಬಂದಾಗ ಬ್ಯಾಗಿನ ಜೊತೆ ಅದನ್ನು ನೀರ್ಚಾಲಿನ ಮನೆಗೂ ತಂದೆ. ಅಮ್ಮ ಒಂದು ತಿಂಗಳು ಹಾಸಿಗೆ ಬಿಸಿಲಿಗೆ ಹಾಕಿ ಹಾಕಿ ಸೋತರು. ಇವತ್ತಿಗೂ ಅದು ನೆನಪಾದರೆ ನನಗೆ ಬೇಸರವಾಗುತ್ತದೆ.

ಗೋಡೆಗೆ ಬೆರಳಿನಿಂದ ತಟ್ಟಿ ನೋಡಿ, ಪೊಳ್ಳು ಶಬ್ದ ಬಂದರೆ ಪ್ಲೈವುಡ್. ಕಿಟಕಿ ತೆರೆದು ನೋಡಿ. ಅಲ್ಲಿ 30×40 ಸೈಟಿನಲ್ಲಿ ನಾಲ್ಕು ಐದು ಮಾಳಿಗೆ ಎಬ್ಬಿಸಿರುತ್ತಾರೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ. ಗಾಳಿ ಇಲ್ಲ, ಬೆಳಕಿಲ್ಲ. ನಮ್ಮಲ್ಲಿ ಅಂಗಳ, ಜಗಲಿ ಕಂಡು ಬೆಳೆದವರಿಗೆ ಇದೇ ಎಲ್ಲಕ್ಕಿಂತ ಕಷ್ಟವಾಗುವುದು. ಬಾಡಿಗೆ ಐನೂರು ಹೆಚ್ಚಾದರೂ ಗಾಳಿ ಬರುವ ಕಿಟಕಿಯ ಕೋಣೆ ಹಿಡಿಯಿರಿ. ಅದು ದುಂದು ಅಲ್ಲ. ಕೆಳಗೆ ಇಳಿಯಲು ಎರಡನೆಯ ದಾರಿ ಉಂಟಾ, ತಾರಸಿಯ ಬಾಗಿಲಿಗೆ ರಾತ್ರಿ ಬೀಗ ಹಾಕುತ್ತಾರಾ ಎಂದೂ ನೋಡಿ. ಬೆಂಕಿ ಬಿದ್ದರೆ ಎಲ್ಲಿಂದ ಓಡುವುದು ಎಂಬುದು ಮಗಳಿಗೆ ಮೊದಲ ದಿನವೇ ಗೊತ್ತಿರಬೇಕು.

ನಿಯಮವೂ ಉಂಟು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ಪಿಜಿಗಳಿಗೆ ಸೂಚನೆ ಹೊರಡಿಸಿತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲುಗಳಲ್ಲಿ ಸಿಸಿಟಿವಿ, 24 ಗಂಟೆ ಕಾವಲು, ಅಡುಗೆ ಮಾಡುವುದಾದರೆ ಆಹಾರ ಸುರಕ್ಷತೆಯ ಲೈಸೆನ್ಸ್. 70 ಚದರ ಅಡಿ ಎಂದರೆ ಇಬ್ಬರ ಕೋಣೆಗೆ 140, ಸುಮಾರು ಹತ್ತಡಿ ಅಗಲ ಹದಿನಾಲ್ಕಡಿ ಉದ್ದ. ಹೆಜ್ಜೆ ಹಾಕಿ ಅಳೆಯಬಹುದು. ಎಲ್ಲರೂ ಪಾಲಿಸುವುದಿಲ್ಲ, ನನಗೆ ಗೊತ್ತು. ಆದರೂ ಲೈಸೆನ್ಸ್ ತೋರಿಸಿ ಎಂದು ಕೇಳಿ. ತೋರಿಸುವವರು ತಕ್ಷಣ ಗೋಡೆಯ ಕಡೆ ಕೈ ಮಾಡುತ್ತಾರೆ. ಇಲ್ಲದವರು ಮಾತು ತಿರುಗಿಸುತ್ತಾರೆ.

ಕೊನೆಯದಾಗಿ, ಯಜಮಾನರು ಪಕ್ಕದಲ್ಲಿ ಇಲ್ಲದಾಗ ಅಲ್ಲಿರುವ ಹುಡುಗಿಯರ ಹತ್ತಿರ ಎರಡು ನಿಮಿಷ ಮಾತಾಡಿ. ನೀವಲ್ಲ, ಮಗಳು ಮಾತಾಡಲಿ. ನೀವು ಕೆಳಗೆ ಬಾಡಿಗೆ ಕೇಳುತ್ತಾ ಇರಿ. ಊಟ ಹೇಗಿದೆ ಎಂದು ಕೇಳಿದರೆ ಎಲ್ಲರೂ ಪರವಾಗಿಲ್ಲ ಎನ್ನುತ್ತಾರೆ. ನಿನ್ನೆ ರಾತ್ರಿ ಎಂತ ಇತ್ತು, ತಿಂದಿರಾ, ಹೊರಗಿನಿಂದ ತರಿಸಿದಿರಾ ಎಂದು ಕೇಳಬೇಕು. ಬಿಟ್ಟು ಹೋದವರ ಅಡ್ವಾನ್ಸ್ ವಾಪಸ್ ಬಂತಾ ಎಂದೂ ಕೇಳಬೇಕು.

ಪೆರ್ಲದ ಅಮ್ಮ:

ಇಷ್ಟು ಬರೆದದ್ದಕ್ಕೆ ಏನು ಹೇಳುವುದೋ ಗೊತ್ತಾಗುತ್ತಿಲ್ಲ. ಮಗಳಿಗೆ ಓದಿ ಹೇಳಿದೆ. ಸಾಬೂನು ಈಗಲೇ ಬ್ಯಾಗಿಗೆ ಹಾಕಿದ್ದಾಳೆ.

ಇನ್ನೆರಡು ಸಂಶಯ. ಅಡ್ವಾನ್ಸ್ ಎಷ್ಟು ಕೊಡುವುದು ಸರಿ? ಒಬ್ಬರು ಮೂರು ತಿಂಗಳದ್ದು ಕೇಳಿದರು. ಇನ್ನೊಬ್ಬರು ಬಾಡಿಗೆಯ ಮೇಲೆ ಜಿಎಸ್‌ಟಿ ಬೇರೆ ಎಂದರು. ಮತ್ತೆ, ಹುಡುಗಿಯರ ಪಿಜಿ ಬಗ್ಗೆ ಹುಡುಗಿಯರೇ ಯಾರಾದರೂ ಹೇಳಿದರೆ ನನಗೆ ಧೈರ್ಯ.

ಉಪ್ಪಳದ ಹುಡುಗಿ, ಈಗ ಬೆಂಗಳೂರು:

ಆಂಟಿ, ನಾನು ಮೂರನೆಯ ವರ್ಷದ ಡಿಗ್ರಿ. ಹನುಮಂತನಗರದಲ್ಲೇ ಪಿಜಿಯಲ್ಲಿದ್ದೇನೆ. ನೀವು ಬರುವ ಜಾಗದ ಪಕ್ಕ.

ಮೊದಲು ದಾರಿ ಹೇಳುತ್ತೇನೆ. ಬಸ್ಸು ಮೆಜೆಸ್ಟಿಕ್‌ನಲ್ಲಿ ಬಿಟ್ಟರೆ ಆಟೊದವರ ಜೊತೆ ಜಗಳ ಬೇಡ. ಮೆಟ್ರೊ ಹಸಿರು ಮಾರ್ಗದಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆಯ ರೈಲು ಹತ್ತಿ. ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ಮೂರನೆಯದು ನ್ಯಾಷನಲ್ ಕಾಲೇಜು. ಅಲ್ಲಿ ಇಳಿದರೆ ಬಸವನಗುಡಿ. ಭಾನುವಾರ ಬೆಳಗ್ಗೆ ಮೆಟ್ರೊ ತಡವಾಗಿ ಶುರುವಾಗುತ್ತದೆ, ವಾರದ ದಿನವೇ ಬನ್ನಿ.

ನಕ್ಷೆಯಲ್ಲಿ ಒಂದು ಕಿಲೋಮೀಟರ್ ಎಂದು ತೋರಿಸಿದರೆ ನಂಬಿ ಕೂರಬೇಡಿ. ಕಾಲೇಜಿನ ಗೇಟಿನಿಂದ ಪಿಜಿಯವರೆಗೆ ಇಬ್ಬರೂ ನಡೆದು ನೋಡಿ, ಸಂಜೆ ಕತ್ತಲಾದ ಮೇಲೆ. ಹನುಮಂತನಗರದ ರಸ್ತೆಗಳು ತುಂಬ ಏರು ಇಳಿಜಾರು. ಅದು ನಮಗೆ ಕಷ್ಟ ಅಲ್ಲ, ಗುಡ್ಡ ಹತ್ತಿ ಇಳಿದು ಬೆಳೆದವರು. ನೋಡಬೇಕಾದದ್ದು ಬೀದಿ ದೀಪ, ತೆರೆದ ಅಂಗಡಿ, ಜನ. ನಾನು ಮೊದಲು ನೋಡಿದ ಪಿಜಿ ಹತ್ತಿರದಲ್ಲೇ ಇತ್ತು. ಆದರೆ ಕೊನೆಯ ಇನ್ನೂರು ಮೀಟರ್ ಒಂದು ಗೋಡೌನಿನ ಪಕ್ಕ, ದೀಪವೇ ಇರಲಿಲ್ಲ. ಬಿಟ್ಟೆ. ಈಗಿರುವುದು ಸ್ವಲ್ಪ ದೂರ. ಆದರೆ ದಾರಿಯುದ್ದಕ್ಕೂ ತರಕಾರಿ ಅಂಗಡಿ, ಬೇಕರಿ, ದರ್ಶಿನಿ. ರಾತ್ರಿ ಒಂಬತ್ತಕ್ಕೆ ಲ್ಯಾಬ್ ಮುಗಿಸಿ ಬಂದರೂ ಒಬ್ಬಳೇ ಎಂದು ಅನಿಸುವುದಿಲ್ಲ.

ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ ಎಂದು ಅಮ್ಮಂದಿರು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯ, ತಡವಾದರೆ ಏನು ಮಾಡುತ್ತಾರೆ ಎಂಬುದು. ನನ್ನ ಗೆಳತಿ ಊರಿಂದ ಬರುವಾಗ ಶಿರಾಡಿ ಘಾಟಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡು ರಾತ್ರಿ ಹನ್ನೊಂದೂವರೆಗೆ ತಲುಪಿದಳು. ಅವಳ ಪಿಜಿಯಲ್ಲಿ ಗೇಟು ತೆರೆಯಲಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ನಿಂತು ಕೊನೆಗೆ ನನ್ನ ಕೋಣೆಗೆ ಬಂದಳು. ಒಳಗೆ ಬಿಡದಿದ್ದರೆ ಅದು ಯಾವ ಸುರಕ್ಷೆ? ಫೋನ್ ಮಾಡಿ ಹೇಳಿದರೆ ತೆರೆಯುವ ವಾರ್ಡನ್ ಇರುವ ಕಡೆ ನೋಡಿ. ವಾರ್ಡನ್ ಅಲ್ಲೇ ಮಲಗುತ್ತಾರಾ ಎಂದು ಕೇಳಿ.

ಇನ್ನೊಂದು ನಮ್ಮವರಿಗೇ ಆಗುವ ಸಂಗತಿ. ಆಧಾರ್ ಕೊಟ್ಟ ಕೂಡಲೇ, ಓ ಕೇರಳಾನಾ, ಕನ್ನಡ ಎಲ್ಲಿ ಕಲಿತೆ ಎನ್ನುತ್ತಾರೆ. ಮೊದಲ ಸಲ ನನಗೆ ಅಳು ಬಂದಿತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಎಂದು ಒಂದೊಂದೇ ಬಿಡಿಸಿ ಹೇಳಬೇಕು. ಮಗಳಿಗೆ ಮೊದಲೇ ಹೇಳಿಡಿ, ಬೇಸರ ಮಾಡಬಾರದು. ಹೇಳಿದ ಮೇಲೆ ಹೆಚ್ಚಿನವರು ಪ್ರೀತಿಯಿಂದಲೇ ಮಾತಾಡುತ್ತಾರೆ. ಮತ್ತೆ, ಹೆಂಗಸರಿಗೆ ಬಸ್ಸು ಉಚಿತ ಎಂದು ಲೆಕ್ಕ ಹಾಕಿದ್ದರೆ ಅದನ್ನು ತೆಗೆಯಿರಿ. ಶಕ್ತಿ ಯೋಜನೆಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ನಮ್ಮದು ಕಾಸರಗೋಡಿನ ವಿಳಾಸ, ಟಿಕೆಟ್ ತೆಗೆಯಲೇಬೇಕು. ಬಿಎಂಟಿಸಿಯ ವಿದ್ಯಾರ್ಥಿ ಪಾಸಿನ ಬಗ್ಗೆ ಕಾಲೇಜಿನಲ್ಲಿ ಕೇಳಿ. ನಡೆದು ಹೋಗುವ ದೂರದಲ್ಲೇ ಪಿಜಿ ಸಿಕ್ಕಿದರೆ ಆ ಚಿಂತೆಯೂ ಇಲ್ಲ.

ಅನ್ನದ ವಿಷಯ. ಇಲ್ಲಿ ಎಲ್ಲ ಕಡೆ ಬೆಳ್ತಿಗೆ ಅನ್ನ. ಕುಚ್ಚಲಕ್ಕಿ ಸಿಗುವುದಿಲ್ಲ. ಎರಡು ತಿಂಗಳು ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ. ಉಪ್ಪಿನಕಾಯಿ ಕಳಿಸಿ.

ನೀರ್ಚಾಲಿನವ:

ಗೇಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಸರಿಯಾಗಿ ಹೇಳಿದಿರಿ.

ಅಕ್ಕ, ಅಡ್ವಾನ್ಸ್ ಬಗ್ಗೆ. ಮನೆ ಬಾಡಿಗೆಗೆ ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೇಳುವ ರೂಢಿ ಇತ್ತು. ಪಿಜಿಗೆ ಹಾಗಿಲ್ಲ. ಅಕ್ಕನ ಮಗಳಿಗೆ ಇಬ್ಬರ ಕೋಣೆ, ತಿಂಗಳಿಗೆ 9,500, ಅಡ್ವಾನ್ಸ್ ಒಂದು ತಿಂಗಳದ್ದು ಕೊಟ್ಟೆವು. ಎರಡು ತಿಂಗಳದ್ದು ಕೇಳುವವರೂ ಇದ್ದಾರೆ. ಮೂರು ಎಂದರೆ ಮಾತಾಡಿ ಇಳಿಸಿ, ಒಪ್ಪದಿದ್ದರೆ ಮುಂದಿನ ಬಾಗಿಲಿಗೆ ಹೋಗಿ.

ಅಡ್ವಾನ್ಸ್ ಎಷ್ಟು ಎನ್ನುವುದಕ್ಕಿಂತ ಹೇಗೆ ವಾಪಸ್ ಬರುತ್ತದೆ ಎನ್ನುವುದರಲ್ಲೇ ವಿಷಯ ಇರುವುದು. ನನ್ನ ಮೊದಲ ಪಿಜಿಯವರು ಬಿಡುವಾಗ ಹೇಳಿದರು, ಒಂದು ತಿಂಗಳದ್ದು ನಿರ್ವಹಣೆಗೆ ಹಿಡಿಯುತ್ತೇವೆ, ಆರು ತಿಂಗಳ ಮೊದಲು ಬಿಟ್ಟದ್ದಕ್ಕೆ ಇನ್ನೊಂದು ತಿಂಗಳದ್ದೂ ಇಲ್ಲ. ಎರಡೂ ಹೋಯಿತು. 11,000 ರೂಪಾಯಿ. ಆ ವರ್ಷ ಅಡಿಕೆಗೆ ಕೊಳೆರೋಗ ಬಂದಿತ್ತು. ಅಪ್ಪ ನನಗೆ ಒಂದು ಮಾತೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಇತ್ತು. ನಾವು ಓದಿರಲಿಲ್ಲ.

ಹಾಗಾಗಿ ಸಹಿ ಹಾಕುವ ಮೊದಲು ಕೂತು ಓದಿ. ಎಷ್ಟು ದಿನ ಮೊದಲು ಹೇಳಿದರೆ ಬಿಡಬಹುದು, ಕನಿಷ್ಠ ಎಷ್ಟು ತಿಂಗಳು ಇರಬೇಕು, ಹಿಡಿದುಕೊಳ್ಳುವುದು ಎಷ್ಟು, ಉಳಿದದ್ದು ಎಷ್ಟು ದಿನದಲ್ಲಿ ಕೊಡುತ್ತಾರೆ. ಅವರು ಬಾಯಲ್ಲಿ ಹೇಳಿದ್ದನ್ನು ಅಲ್ಲೇ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ, ಸರಿಯಾ ಎಂದು ಕೇಳಿ. ಅವರು ಸರಿ ಎಂದು ಬರೆದರೆ ಅದೇ ನಿಮ್ಮ ಆಧಾರ. ಹಣ ನಗದಾಗಿ ಕೊಡಬೇಡಿ. ಕೊಟ್ಟರೂ ರಸೀದಿ ಇಲ್ಲದೆ ಏಳಬೇಡಿ. ಕೋಣೆಗೆ ಹೋದ ದಿನವೇ ಗೋಡೆ, ಮಂಚ, ಕಪಾಟು, ಫ್ಯಾನ್ ಎಲ್ಲದರ ವಿಡಿಯೊ ಮಾಡಿಡಿ. ಹಳೆಯ ಬಿರುಕಿಗೆ ಮಗಳು ದಂಡ ಕಟ್ಟುವ ಹಾಗೆ ಆಗಬಾರದು.

ಕೆಲವು ಕಡೆ 11 ತಿಂಗಳ ಕರಾರು ಮುಂದಿಡುತ್ತಾರೆ. ಹೆದರಬೇಡಿ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸಲು 11 ಎಂದು ಬರೆಯುವುದು.

ಜಿಎಸ್‌ಟಿ ಕೇಳಿದವರಿಗೆ ಒಂದು ಮಾತು ಹೇಳಿ. ತಿಂಗಳಿಗೆ ಒಬ್ಬರಿಗೆ 20,000 ರೂಪಾಯಿವರೆಗಿನ ಬಾಡಿಗೆ, ಕನಿಷ್ಠ 90 ದಿನ ಒಂದೇ ಸಮ ವಾಸ, ಇವೆರಡೂ ಇದ್ದರೆ ಹಾಸ್ಟೆಲ್, ಪಿಜಿ ವಾಸಕ್ಕೆ ಜಿಎಸ್‌ಟಿ ಇಲ್ಲ. 2024ರ ಜುಲೈ 15ರಿಂದ ಹಾಗೆ ಮಾಡಿದ್ದಾರೆ. ನಿಮ್ಮ ಮಗಳು ನಾಲ್ಕು ವರ್ಷಕ್ಕೆ ಹೋಗುವವಳು. ಸುಮ್ನೆ ಕೊಡಬೇಡಿ.

ಆಧಾರ್ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ. ಮಗಳಿಗೆ ಡೌನ್‌ಲೋಡ್ ಮಾಡಲು ಗೊತ್ತಿರುತ್ತದೆ.

ಪೆರ್ಲದ ಅಮ್ಮ:

ಹೋಗಿ ಬಂದೆವು. ನಿನ್ನೆ ಬೆಳಗ್ಗೆ ಪುತ್ತೂರಿನಲ್ಲಿ ಇಳಿದೆವು. ಎಲ್ಲರಿಗೂ ಹೇಳಲೇಬೇಕು ಎಂದು ಕೂತಿದ್ದೇನೆ.

ಎರಡು ದಿನದಲ್ಲಿ ಒಂಬತ್ತು ಕಡೆ ನೋಡಿದೆವು. ಮೊದಲ ದಿನ ಆರು. ಅದರಲ್ಲಿ ಎರಡು ಕಡೆ ಮೆಟ್ಟಿಲು ಹತ್ತುವಾಗಲೇ ಮಗಳು ನನ್ನ ಸೆರಗು ಎಳೆದಳು, ಬೇಡ ಎಂದು. ಒಂದು ಕಡೆ ಫೋಟೊದಲ್ಲಿ ಇದ್ದ ನೀಲಿ ಹೊದಿಕೆಯ ಕೋಣೆಯನ್ನು ತೋರಿಸಲೇ ಇಲ್ಲ, ಅದು ಈಗ ಖಾಲಿ ಇಲ್ಲ ಎಂದು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಕಿಟಕಿಯೇ ಇರಲಿಲ್ಲ. ಮೇಲೆ ಒಂದು ಸಣ್ಣ ಬೆಳಕಿಂಡಿ. ಅವರು ನನ್ನನ್ನು ನೋಡಿ, ಬರೀ ಮಲಗೋಕೆ ತಾನೆ ಎಂದರು. ನನಗೆ ಸಿಟ್ಟು ಬಂತು. ನಾಲ್ಕು ವರ್ಷ ಅವಳು ಓದಬೇಕಾದ ಜಾಗ ಅದು.

ಸಾಬೂನು ಏಳು ಕಡೆ ಉಪಯೋಗಕ್ಕೆ ಬಂತು. ಮೂರು ಕಡೆ ನೊರೆಯೇ ಇಲ್ಲ.

ಕೊನೆಗೆ ಮನಸ್ಸಿಗೆ ಬಂದದ್ದು ಎರಡು. ಒಂದು ಹೊಸ ಕಟ್ಟಡ, ಲಿಫ್ಟ್ ಉಂಟು, ವಾಷಿಂಗ್ ಮಷಿನ್ ಉಂಟು, 9,800. ನನಗೆ ಅದೇ ಇಷ್ಟವಾಗಿತ್ತು. ಇನ್ನೊಂದು ಹಳೆಯ ಮನೆ, ಕೆಳಗೆ ಯಜಮಾನತಿ ಇರುವುದು, ಮೇಲೆ ಎರಡು ಮಾಳಿಗೆಯಲ್ಲಿ ಹದಿನೆಂಟು ಹುಡುಗಿಯರು, 9,000. ಬಣ್ಣ ಮಾಸಿದೆ. ಕೆಂಪು ನೆಲ, ನಮ್ಮ ಮನೆಯ ಹಾಗೆ. ಮರುದಿನ ಬೆಳಗ್ಗೆ ಏಳೂ ಕಾಲಿಗೆ ಎರಡಕ್ಕೂ ಹೋದೆವು. ಹೊಸ ಕಟ್ಟಡದ ಕಾವಲುಗಾರ ಒಳಗೆ ಬಿಡಲಿಲ್ಲ, ಮ್ಯಾನೇಜರ್ ಹತ್ತಕ್ಕೆ ಬರುತ್ತಾರೆ ಎಂದ. ಹಳೆಯ ಮನೆಯಲ್ಲಿ ಯಜಮಾನತಿ ಬಾಗಿಲು ತೆರೆದು, ಬನ್ನಿ, ಕಾಫಿ ಆಗ್ತಾ ಇದೆ ಎಂದರು. ಮಗಳು ಮೇಲೆ ಹೋದವಳು ಇಪ್ಪತ್ತು ನಿಮಿಷ ಇಳಿಯಲಿಲ್ಲ. ಹುಡುಗಿಯರು ತಿಂಡಿ ತಿನ್ನುತ್ತಿದ್ದರು, ಅವಳಿಗೂ ಚಿತ್ರಾನ್ನ ಕೊಟ್ಟಿದ್ದಾರೆ. ಒಂದು ಮಾಳಿಗೆಗೆ ಮೂರು ಬಚ್ಚಲು, ಬೆಳಗ್ಗೆ ಸ್ವಲ್ಪ ಕಾಯಬೇಕು, ಬೇಸಿಗೆಯಲ್ಲಿ ಸ್ನಾನಕ್ಕೆ ಒಂದೊಂದೇ ಬಕೆಟ್ ಎಂದು ಅವರೇ ಹೇಳಿದರಂತೆ. ಹೋದ ವರ್ಷ ಬಿಟ್ಟವಳಿಗೆ ಅಡ್ವಾನ್ಸ್ ವಾಪಸ್ ಬಂದಿದೆ ಎಂದೂ ಹೇಳಿದರು.

ಇಳಿದು ಬಂದು ಮಗಳು ಹೇಳಿದಳು, ಅಮ್ಮ, ಇಲ್ಲೇ. ನಾನು ಲಿಫ್ಟಿನ ಮಾತು ಎತ್ತಿದೆ. ಅವಳು, ಅಲ್ಲಿ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ ಅಮ್ಮ ಎಂದಳು. ಮತ್ತೆ ನಾನು ಏನೂ ಹೇಳಲಿಲ್ಲ.

ಒಂದು ತಿಂಗಳ ಅಡ್ವಾನ್ಸ್ ಕೊಟ್ಟೆವು. 500 ರೂಪಾಯಿ ಹಿಡಿಯುತ್ತಾರೆ, ಒಂದು ತಿಂಗಳು ಮೊದಲು ಹೇಳಬೇಕು, ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡೆ. ಲೈಸೆನ್ಸ್ ಕೇಳುವಾಗ ನನ್ನ ದನಿ ನಡುಗಿತು, ಆದರೂ ಕೇಳಿದೆ. ಊಟದ ಕೋಣೆಯ ಗೋಡೆಯಲ್ಲೇ ಇತ್ತು. ಸಂಜೆ ಕಾಲೇಜಿನಿಂದ ನಡೆದು ನೋಡಿದೆವು, ಹದಿಮೂರು ನಿಮಿಷ. ದಾರಿಯಲ್ಲಿ ದೀಪ ಉಂಟು.

ಅವಳ ಹಾಸಿಗೆ ಕಿಟಕಿಯ ಪಕ್ಕ. ಹೊರಗೆ ಒಂದು ಹೊಂಗೆ ಮರ.

ಮುಂದಿನ ವಾರ ಬಿಟ್ಟು ಬರಲು ಹೋಗುವುದು. ಮದ್ದು ಬಿಟ್ಟು ಮುಗಿದರೆ ಇವರೂ ಬರುತ್ತಾರೆ. ಬಕೆಟ್, ಹಾಸಿಗೆ ಎಲ್ಲ ಊರಿಂದಲೇ ತರಬೇಕಾ?

ಉಪ್ಪಳದ ಹುಡುಗಿ, ಈಗ ಬೆಂಗಳೂರು:

ಬೇಡ ಆಂಟಿ, ಬಕೆಟ್, ಮಗ್ಗು ಗಾಂಧಿ ಬಜಾರಿನಲ್ಲಿ ಸಿಗುತ್ತದೆ, ಬಸ್ಸಿನಲ್ಲಿ ಹೊರುವ ಕೆಲಸ ಇಲ್ಲ. ಬಟ್ಟೆ ಒಣಗಿಸಲು ಹಗ್ಗ, ಒಂದು ಒಳ್ಳೆಯ ಬೀಗ, ದಪ್ಪ ಕಂಬಳಿ ತನ್ನಿ. ಡಿಸೆಂಬರಿನಲ್ಲಿ ಇಲ್ಲಿ ನಮ್ಮವರಿಗೆ ತುಂಬ ಚಳಿಯಾಗುತ್ತದೆ. ಬರುವ ದಿನ ಇಲ್ಲೇ ಬರೆಯಿರಿ. ನನಗೆ ಮಧ್ಯಾಹ್ನದ ಮೇಲೆ ತರಗತಿ ಇರುವುದಿಲ್ಲ, ನ್ಯಾಷನಲ್ ಕಾಲೇಜು ಸ್ಟೇಷನ್ನಿಗೆ ಬರುತ್ತೇನೆ.